ಆಹಾರ ಇದ್ದ ದೇಶದಲ್ಲಿ ಹಸಿವು: ಲೂಲಾ ಅದನ್ನು ಇಳಿಸಿದ್ದು ಹೇಗೆ?

ಬ್ರೆಜಿಲ್‌ನಲ್ಲಿ ಆಹಾರಕ್ಕೆ ಕೊರತೆ ಇರಲಿಲ್ಲ. ಕಾಫಿ, ಸಕ್ಕರೆ, ಕಿತ್ತಳೆ ರಸ, ಸೋಯಾ, ದನದ ಮಾಂಸ, ಕೋಳಿ, ಎಲ್ಲವನ್ನೂ ಹಡಗುಗಟ್ಟಲೆ ಹೊರಗೆ ಮಾರುವ ದೇಶ ಅದು. 2002ರಲ್ಲೂ ಹಾಗೇ ಇತ್ತು. ಆದರೂ ಅದೇ ದೇಶದಲ್ಲಿ ಕೋಟಿಗಟ್ಟಲೆ ಜನ ಹೊಟ್ಟೆ ತುಂಬ ಉಣ್ಣದೆ ಮಲಗುತ್ತಿದ್ದರು. 2003ರ ಜನವರಿ 1ರಂದು ಅಧ್ಯಕ್ಷರಾಗಿ ಪ್ರಮಾಣ ವಚನ ಸ್ವೀಕರಿಸಿದ ಲೂಯಿಸ್ ಇನಾಸಿಯೊ ಲೂಲಾ ಡ ಸಿಲ್ವಾ ಒಂದೇ ಮಾತು ಕೊಟ್ಟರು. ತಮ್ಮ ಅವಧಿ ಮುಗಿಯುವಾಗ ಪ್ರತಿಯೊಬ್ಬ ಬ್ರೆಜಿಲ್ ಪ್ರಜೆಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ ಸಿಕ್ಕರೆ ತಮ್ಮ ಬದುಕಿನ ಕೆಲಸ ಮುಗಿದಂತೆ ಎಂದರು.

ಬಡ ಹುಡುಗ ಅಧ್ಯಕ್ಷನಾದ ಕಥೆ ಅಂತ ಲೂಲಾ ಅವರನ್ನು ಪರಿಚಯ ಮಾಡಿಕೊಡುವುದು ಸುಲಭ. ಕಥೆ ನಿಜವೇ. ಆದರೆ ಅವರ ಸರ್ಕಾರದ ಅಸಲಿ ಸಾಧನೆ ಇರುವುದು ತೀರಾ ಬೋರು ಅನ್ನಿಸುವ ಜಾಗದಲ್ಲಿ: ದುಡ್ಡು ಯಾರ ಹೆಸರಿಗೆ ಹೋಗಬೇಕು, ಯಾವ ಕೌಂಟರಿನಲ್ಲಿ ಸಿಗಬೇಕು, ಯಾವ ಪಟ್ಟಿ ನೋಡಿ ಕೊಡಬೇಕು, ಶಾಲೆಯ ಅಡುಗೆಗೆ ತರಕಾರಿ ಯಾರ ಹೊಲದಿಂದ ಬರಬೇಕು. ಹಸಿವು ಇಳಿದದ್ದು ಈ ಲೆಕ್ಕಾಚಾರದಿಂದ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಲಾರಿಯ ಹಲಗೆಯಿಂದ ಕಾರ್ಖಾನೆಗೆ

ಲೂಲಾ ಹುಟ್ಟಿದ್ದು 1945ರಲ್ಲಿ, ಈಶಾನ್ಯ ಬ್ರೆಜಿಲ್‌ನ ಪೆರ್ನಾಂಬುಕೊ ರಾಜ್ಯದ ಒಣ ಸೀಮೆಯಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವರು. ಆ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಜನ ಗಂಟುಮೂಟೆ ಕಟ್ಟಿ ದಕ್ಷಿಣಕ್ಕೆ ಹೊರಡುತ್ತಿದ್ದರು. ಅಪ್ಪ ಮೊದಲೇ ಹೋಗಿದ್ದರು. 1952ರ ಡಿಸೆಂಬರಿನಲ್ಲಿ ಅಮ್ಮ ಲಿಂಡು ಮಕ್ಕಳನ್ನು ಕರೆದುಕೊಂಡು ಲಾರಿ ಹತ್ತಿದರು. ಲಾರಿಯ ಹಿಂದೆ ಅಡ್ಡ ಹಲಗೆ ಹಾಕಿ ಅದರ ಮೇಲೆ ಜನರನ್ನು ಕೂರಿಸುವ ವ್ಯವಸ್ಥೆ ಅದು. 13 ದಿನ ಹಾಗೇ ಕೂತು ಸಾವ್ ಪಾವ್ಲೋ ರಾಜ್ಯದ ಕರಾವಳಿ ತಲುಪಿದರು. ಅಲ್ಲಿ ಹೋಗಿ ನೋಡಿದರೆ ಅಪ್ಪ ಬೇರೊಂದು ಸಂಸಾರ ಹೂಡಿದ್ದರು. ಕೆಲವೇ ವರ್ಷದಲ್ಲಿ ಅಮ್ಮ ಮಕ್ಕಳೊಂದಿಗೆ ಬೇರೆಯಾಗಿ ಸಾವ್ ಪಾವ್ಲೋ ನಗರ ಸೇರಿದರು.

ಲೂಲಾ ಓದಲು ಕಲಿತಾಗ ವಯಸ್ಸು ಹತ್ತರ ಹತ್ತಿರ. ಕಡಲೆಕಾಯಿ ಮಾರಿದರು, ಬೂಟು ಪಾಲಿಶ್ ಮಾಡಿದರು. ಆಮೇಲೆ ತರಬೇತಿ ಪಡೆದು ಲೇಥ್ ಕೆಲಸಗಾರರಾದರು. ಇಪ್ಪತ್ತು ತುಂಬುವ ಮೊದಲೇ ಕಾರ್ಖಾನೆಯ ಯಂತ್ರಕ್ಕೆ ಎಡಗೈಯ ಕಿರುಬೆರಳು ಕಳೆದುಕೊಂಡರು. 1971ರಲ್ಲಿ ಮೊದಲ ಹೆಂಡತಿ ಮರಿಯಾ ತುಂಬು ಗರ್ಭಿಣಿಯಾಗಿದ್ದಾಗಲೇ ತೀರಿಕೊಂಡರು. ಮಗುವೂ ಉಳಿಯಲಿಲ್ಲ. ಮುಂದೆ ಇದೇ ಮನುಷ್ಯನ ಸರ್ಕಾರ ಬಡ ಬಸುರಿಯರ ಆಸ್ಪತ್ರೆ ತಪಾಸಣೆಗೆ ಅಷ್ಟೊಂದು ಒತ್ತು ಕೊಟ್ಟಿದ್ದನ್ನು ನೋಡಿದಾಗ ನನಗೆ ಈ ಸಾವು ನೆನಪಾಗುತ್ತದೆ.

1975ರಲ್ಲಿ ಸಾವ್ ಬರ್ನಾರ್ಡೊ ಪಟ್ಟಣದ ಲೋಹ ಕಾರ್ಮಿಕರ ಸಂಘಕ್ಕೆ ಅಧ್ಯಕ್ಷರಾದರು. ಫೋಕ್ಸ್‌ವ್ಯಾಗನ್, ಫೋರ್ಡ್, ಸ್ಕಾನಿಯಾ ಕಾರ್ಖಾನೆಗಳಿದ್ದ ಊರು ಅದು. ದೇಶದಲ್ಲಿ ಆಗ ಸೇನಾ ಆಡಳಿತ. ಮುಷ್ಕರ ಮಾಡಿದರೆ ಜೈಲು. ಹಾಗಿದ್ದೂ ಕಾರ್ಮಿಕರು ಎದ್ದು ನಿಲ್ಲಲು ಒಂದು ಸಂಖ್ಯೆ ಕಾರಣವಾಯಿತು. 1973ರ ಬೆಲೆ ಏರಿಕೆಯ ಅಂಕಿಯನ್ನು ಸರ್ಕಾರ ಬೇಕೆಂದೇ ಕಡಿಮೆ ತೋರಿಸಿತ್ತು ಎಂಬುದು 1977ರಲ್ಲಿ ಬಯಲಾಯಿತು. ಸಂಬಳ ಏರುತ್ತಿದ್ದದ್ದು ಆ ಅಂಕಿಯ ಮೇಲೆ. ಅಂದರೆ ಕಾರ್ಮಿಕರ ಜೇಬಿನಿಂದ ಸದ್ದಿಲ್ಲದೆ ದುಡ್ಡು ಹೋಗಿತ್ತು. ಅದನ್ನು ವಾಪಸ್ ಕೊಡಿ ಎಂದು ಸಂಘ 34.1% ಹೆಚ್ಚಳ ಕೇಳಿತು. ಅಂಕಿ ಅಂಶ ಎಂದರೆ ಸುಮ್ನೆ ಕಾಗದದ ಮೇಲಿನ ಲೆಕ್ಕ ಅಲ್ಲ, ಅದು ಯಾರದೋ ಮನೆಯ ಊಟ ಎಂಬ ಪಾಠ ಲೂಲಾಗೆ ಇಲ್ಲೇ ಸಿಕ್ಕಿತು ಅನ್ನಿಸುತ್ತದೆ.

1978ರ ಮೇ ತಿಂಗಳಲ್ಲಿ ಸ್ಕಾನಿಯಾ ಕಾರ್ಖಾನೆಯ ಕಾರ್ಮಿಕರು ಕೆಲಸಕ್ಕೆ ಬಂದರು, ಯಂತ್ರ ಚಾಲೂ ಮಾಡಲಿಲ್ಲ. ಕೈಕಟ್ಟಿ ನಿಂತರು. ಮುಷ್ಕರ ಉಳಿದ ಕಾರ್ಖಾನೆಗಳಿಗೂ ಹಬ್ಬಿತು. ಮರುವರ್ಷ ಮಾರ್ಚಿನಲ್ಲಿ ವಿಲಾ ಯೂಕ್ಲಿಡಿಸ್ ಎಂಬ ಕ್ರೀಡಾಂಗಣದಲ್ಲಿ ಹತ್ತಾರು ಸಾವಿರ ಕಾರ್ಮಿಕರು ಸೇರಿದರು. ವೇದಿಕೆ ಇಲ್ಲ, ಮೈಕ್ ಇಲ್ಲ. ಲೂಲಾ ಒಂದು ಮೇಜಿನ ಮೇಲೆ ಹತ್ತಿ ಒಂದೊಂದೇ ವಾಕ್ಯ ಹೇಳಿದರು. ಮುಂದಿದ್ದವರು ಅದನ್ನು ಕೂಗಿ ಹಿಂದಿನವರಿಗೆ ದಾಟಿಸಿದರು, ಅವರು ಇನ್ನೂ ಹಿಂದಿನವರಿಗೆ. ಹೀಗೆ ಮಾತು ಮೈದಾನದ ಕೊನೆಯವರೆಗೂ ಹೋಯಿತು. ಉದ್ದುದ್ದ ಭಾಷಣಕ್ಕೆ ಅಲ್ಲಿ ಜಾಗವೇ ಇರಲಿಲ್ಲ, ಅಲ್ವಾ?

1980ರ ಮುಷ್ಕರ 41 ದಿನ ನಡೆಯಿತು. ಲೂಲಾ 31 ದಿನ ಜೈಲಿನಲ್ಲಿದ್ದರು. ಅವರು ಒಳಗಿದ್ದಾಗಲೇ ಅಮ್ಮ ತೀರಿಕೊಂಡರು. ಪೊಲೀಸರ ಕಾವಲಿನಲ್ಲಿ ಅಂತ್ಯಕ್ರಿಯೆಗೆ ಹೋಗಿ ಬಂದರು. ಅದೇ ವರ್ಷ ಫೆಬ್ರವರಿಯಲ್ಲಿ ಕಾರ್ಮಿಕರು, ಚರ್ಚಿನ ಎಡಪಂಥೀಯ ಗುಂಪುಗಳು, ಬುದ್ಧಿಜೀವಿಗಳು ಸೇರಿ ವರ್ಕರ್ಸ್ ಪಾರ್ಟಿ ಕಟ್ಟಿದ್ದರು. 1989, 1994, 1998, ಮೂರು ಸಲ ಲೂಲಾ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. ನಡುವೆ ಬಸ್ಸು ಹತ್ತಿ ದೇಶದ ಒಳನಾಡನ್ನೆಲ್ಲ ಸುತ್ತಿದರು. 2002ರಲ್ಲಿ ಸುಮಾರು 61% ಮತ ಪಡೆದು ಗೆದ್ದರು.

ಮೊದಲ ಯೋಜನೆ ಎಡವಿತು

ಹಸಿವು ಪ್ರಕೃತಿ ಕೊಟ್ಟಿದ್ದಲ್ಲ, ಮನುಷ್ಯರು ಮಾಡಿದ್ದು ಎಂದು ಬ್ರೆಜಿಲ್‌ಗೆ ಮೊದಲು ಗಟ್ಟಿಯಾಗಿ ಹೇಳಿದವರು ಜೋಸುಯೆ ಡಿ ಕಾಸ್ಟ್ರೊ ಎಂಬ ವೈದ್ಯ. ಅವರೂ ಪೆರ್ನಾಂಬುಕೊದವರೇ. ದೇಶದ ಯಾವ ಭಾಗದಲ್ಲಿ ಜನ ಏನು ತಿನ್ನುತ್ತಾರೆ, ಏನು ಸಿಗದೆ ಸಾಯುತ್ತಾರೆ ಎಂದು 1940ರ ದಶಕದಲ್ಲೇ ಲೆಕ್ಕ ಹಾಕಿದ್ದರು. ಒಣ ಸೀಮೆಯಲ್ಲಿ ಬರ ಬಂದಾಗ ಹಸಿವು ಸರಿ, ಆದರೆ ಮಳೆ ಬೀಳುವ ಕಬ್ಬಿನ ಸೀಮೆಯಲ್ಲೂ ಹಸಿವು ಯಾಕೆ? ಭೂಮಿಯೆಲ್ಲ ದೊಡ್ಡ ತೋಟದವರ ಕೈಯಲ್ಲಿ. ಕೂಲಿಯವರಿಗೆ ಕಾಯಿಪಲ್ಲೆ ಬೆಳೆದುಕೊಳ್ಳಲು ತುಂಡು ನೆಲವೂ ಇಲ್ಲ. ಕಾರಣ ಅಲ್ಲಿತ್ತು. ಅವರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಂಡಳಿಗೆ ಮುಖ್ಯಸ್ಥರೂ ಆಗಿದ್ದರು. 1964ರ ಸೇನಾ ದಂಗೆಯ ನಂತರ ಅವರ ರಾಜಕೀಯ ಹಕ್ಕು ಕಿತ್ತುಕೊಂಡರು. 1973ರಲ್ಲಿ ಪ್ಯಾರಿಸ್‌ನಲ್ಲಿ, ದೇಶ ಬಿಟ್ಟಿದ್ದಾಗಲೇ ತೀರಿಕೊಂಡರು.

ಲೂಲಾ ಸರ್ಕಾರ ಶುರು ಮಾಡಿದ ಯೋಜನೆಯ ಹೆಸರು ಫೋಮಿ ಜೀರೊ, ಅಂದರೆ ಶೂನ್ಯ ಹಸಿವು. ಅದನ್ನು ರೂಪಿಸಿದವರು ಜೋಸೆ ಗ್ರಾಜಿಯಾನೊ ಎಂಬ ಕೃಷಿ ತಜ್ಞ. ಹಸಿವಿಗಾಗಿಯೇ ಒಂದು ಹೊಸ ಖಾತೆ ತೆರೆದು ಅವರನ್ನೇ ಮಂತ್ರಿ ಮಾಡಿದರು. ಪ್ರಯೋಗ ಶುರುವಾದದ್ದು ಪಿಯಾವಿ ರಾಜ್ಯದ ಗ್ವಾರಿಬಾಸ್ ಮತ್ತು ಅಕವಾಂ ಎಂಬ ಪುಟ್ಟ ಊರುಗಳಲ್ಲಿ, 2003ರ ಫೆಬ್ರವರಿಯಲ್ಲಿ. ಗ್ವಾರಿಬಾಸ್ ಕುಡಿಯುವ ನೀರಿಗೂ ಪರದಾಡುತ್ತಿದ್ದ ಊರು. ಬಡ ಕುಟುಂಬಕ್ಕೆ ತಿಂಗಳಿಗೆ 50 ರಿಯಲ್ ಬರುವ ಆಹಾರ ಕಾರ್ಡ್ ಕೊಟ್ಟರು. ರಿಯಲ್ ಅಲ್ಲಿನ ಹಣ.

ತೊಡಕು ಬೇಗ ಕಾಣಿಸಿತು. ಈ ದುಡ್ಡಲ್ಲಿ ಊಟದ ಸಾಮಾನೇ ಕೊಂಡಿದ್ದೀರಿ ಎಂಬುದಕ್ಕೆ ರಸೀದಿ ತೋರಿಸಿ ಎಂದು ಮೊದಲಿಗೆ ಕೇಳಿದ್ದರು. ಹಳ್ಳಿಯ ಸಂತೆಯಲ್ಲಿ ಪಕ್ಕದ ಮನೆಯವರಿಂದ ಗೆಣಸು ಕೊಂಡ ಹೆಂಗಸು ರಸೀದಿ ಎಲ್ಲಿಂದ ತರಬೇಕು? ಅದರ ಜೊತೆಗೆ ಹಿಂದಿನ ಸರ್ಕಾರದ ಯೋಜನೆಗಳೂ ಓಡುತ್ತಿದ್ದವು. ಮಕ್ಕಳನ್ನು ಶಾಲೆಗೆ ಕಳಿಸಿದರೆ ಶಿಕ್ಷಣ ಇಲಾಖೆಯಿಂದ ಒಂದು ದುಡ್ಡು, ಪೌಷ್ಟಿಕಾಂಶಕ್ಕೆ ಆರೋಗ್ಯ ಇಲಾಖೆಯಿಂದ ಇನ್ನೊಂದು, ಅಡುಗೆ ಅನಿಲಕ್ಕೆ ಇಂಧನ ಇಲಾಖೆಯಿಂದ ಮತ್ತೊಂದು. ಒಂದೊಂದಕ್ಕೂ ಬೇರೆ ನಿಯಮ, ಬೇರೆ ಅಧಿಕಾರಿ. ಒಂದೇ ಬೀದಿಯಲ್ಲಿ ಒಂದು ಮನೆಗೆ ಮೂರೂ ಸಿಗುತ್ತಿತ್ತು, ಪಕ್ಕದ ಮನೆಗೆ ಒಂದೂ ಇಲ್ಲ.

ಇಲ್ಲಿ ಲೂಲಾ ಮಾಡಿದ್ದನ್ನು ನಾನು ನಿಜಕ್ಕೂ ಮೆಚ್ಚುತ್ತೇನೆ. ಹೆಸರು ಮಾಡಿದ್ದ ತನ್ನದೇ ಯೋಜನೆಯನ್ನು ಹಿಡಿದು ಹಟ ಮಾಡಲಿಲ್ಲ. ಪ್ರಮಾಣ ವಚನ ಸ್ವೀಕರಿಸಿ ವರ್ಷ ತುಂಬುವ ಮೊದಲೇ, 2003ರ ಅಕ್ಟೋಬರಿನಲ್ಲಿ, ಎದುರು ಪಕ್ಷದ ಸರ್ಕಾರ ಬಿಟ್ಟುಹೋದ ಯೋಜನೆಗಳನ್ನೂ ತನ್ನ ಆಹಾರ ಕಾರ್ಡನ್ನೂ ಸೇರಿಸಿ ಒಂದೇ ಯೋಜನೆ ಮಾಡಿದರು. ಅದೇ ಬೊಲ್ಸಾ ಫಮೀಲಿಯಾ, ಕುಟುಂಬ ಭತ್ಯೆ. ಅದಕ್ಕೆ ಒಳಗಿನವರ ವಿರೋಧವೂ ಇತ್ತು. ಯಾರಿಗೆ ದುಡ್ಡು ಸಿಗಬೇಕು ಎಂದು ಊರಿನ ಜನರ ಸಮಿತಿಗಳು ತೀರ್ಮಾನಿಸಬೇಕು ಎಂಬುದು ಮೊದಲ ಯೋಜನೆಯ ಆಶಯ. ಹೊಸದರಲ್ಲಿ ಬಡವರ ಪಟ್ಟಿ ಮಾಡುವ ಕೆಲಸ ಪುರಸಭೆಗಳಿಗೆ ಹೋಯಿತು. ಲೂಲಾ ಅವರ ಹಳೆಯ ಗೆಳೆಯ, ಕ್ರೈಸ್ತ ಸನ್ಯಾಸಿ ಫ್ರೈ ಬೆಟ್ಟೊ ಇದನ್ನು ಒಪ್ಪದೆ 2004ರ ಕೊನೆಗೆ ಸರ್ಕಾರದಿಂದ ಹೊರಬಂದರು.

ಕಾರ್ಡು ಅಮ್ಮನ ಕೈಯಲ್ಲಿ

ಬೊಲ್ಸಾ ಫಮೀಲಿಯಾ ನಡೆಯುವುದು ಹೀಗೆ. ಪುರಸಭೆಯ ಸಿಬ್ಬಂದಿ ಬಡ ಕುಟುಂಬಗಳ ವಿವರ ಪಡೆದು ಒಂದೇ ರಾಷ್ಟ್ರೀಯ ಪಟ್ಟಿಗೆ ಸೇರಿಸುತ್ತಾರೆ: ಮನೆಯಲ್ಲಿ ಎಷ್ಟು ಜನ, ಎಷ್ಟು ಆದಾಯ, ಗೋಡೆ ಯಾವುದರದ್ದು, ನೀರು ಎಲ್ಲಿಂದ. ಯಾರಿಗೆ ಕೊಡಬೇಕು ಎಂದು ಹೇಳುವುದು ಕೇಂದ್ರ ಸರ್ಕಾರ. ದುಡ್ಡು ಸರ್ಕಾರಿ ಬ್ಯಾಂಕಾದ ಕೈಷಾ ಮೂಲಕ ನೇರ ಕಾರ್ಡಿಗೆ ಬರುತ್ತದೆ. ಬ್ಯಾಂಕ್ ಶಾಖೆ ಇಲ್ಲದ ಊರಲ್ಲಿ ಲಾಟರಿ ಅಂಗಡಿಯಲ್ಲೂ ಅದನ್ನು ತೆಗೆದುಕೊಳ್ಳಬಹುದು. ನಡುವೆ ಮೇಯರ್ ಕೈಯಿಲ್ಲ, ಊರ ದೊಡ್ಡವರ ಕೈಯೂ ಇಲ್ಲ. ಈಶಾನ್ಯ ಬ್ರೆಜಿಲ್‌ನಲ್ಲಿ ತಲೆಮಾರುಗಳಿಂದ ಬರ ಪರಿಹಾರ ಬರುತ್ತಿದ್ದದ್ದು ಜಮೀನ್ದಾರರ ಮೂಲಕ. ಅದಕ್ಕೆ ಬದಲಾಗಿ ಅವರಿಗೆ ವೋಟು ಕೊಡಬೇಕಿತ್ತು. ಹಾಗಾಗಿ ಆ ಪ್ಲಾಸ್ಟಿಕ್ ಕಾರ್ಡು ಅಲ್ಲಿನ ಬಡವರಿಗೆ ದುಡ್ಡಿಗಿಂತ ದೊಡ್ಡದನ್ನೂ ಕೊಟ್ಟಿತು.

ಆ ವರ್ಷಗಳಲ್ಲಿ ಕಾರ್ಡು 90%ಕ್ಕೂ ಜಾಸ್ತಿ ಮನೆಗಳಲ್ಲಿ ಹೆಂಗಸಿನ ಹೆಸರಲ್ಲಿತ್ತು. ಇದನ್ನು ಓದುವಾಗ ನಮ್ಮ ಗೃಹಲಕ್ಷ್ಮಿ ನೆನಪಾಗುವುದು ಸಹಜ. ಮನೆಯ ಯಜಮಾನಿಗೇ ದುಡ್ಡು ಎಂಬ ಆಲೋಚನೆ ಎರಡರಲ್ಲೂ ಒಂದೇ. ಬೊಲ್ಸಾದಲ್ಲಿ ಮಾತ್ರ ಷರತ್ತುಗಳಿವೆ.

ಶುರುವಿನಲ್ಲಿ ಮೊತ್ತ ತೀರಾ ಕಡಿಮೆ. ಕಡುಬಡ ಕುಟುಂಬಕ್ಕೆ ತಿಂಗಳಿಗೆ 50 ರಿಯಲ್, ಜೊತೆಗೆ ಮಗುವಿಗೆ 15ರಂತೆ ಮೂರು ಮಕ್ಕಳವರೆಗೆ. ಎಲ್ಲ ಸೇರಿದರೂ 95. ಬದಲಿಗೆ ಮಕ್ಕಳು ಶಾಲೆಗೆ ಹೋಗಬೇಕಿತ್ತು, 6ರಿಂದ 15 ವರ್ಷದವರ ಹಾಜರಿ ಆಗ 85% ಇರಬೇಕಿತ್ತು. ಪುಟ್ಟ ಮಕ್ಕಳಿಗೆ ಲಸಿಕೆ ಹಾಕಿಸಬೇಕು, ಗರ್ಭಿಣಿಯರು ತಪಾಸಣೆಗೆ ಹೋಗಬೇಕು. ಹಾಜರಿ ತಪ್ಪಿದರೆ ತಕ್ಷಣ ದುಡ್ಡು ನಿಲ್ಲುವುದಿಲ್ಲ. ಮೊದಲು ಎಚ್ಚರಿಕೆ, ಆಮೇಲೆ ತಾತ್ಕಾಲಿಕ ತಡೆ, ಕೊನೆಗೆ ರದ್ದು. ಮಗು ಯಾಕೆ ಶಾಲೆಗೆ ಬರುತ್ತಿಲ್ಲ ಎಂದು ಸಮಾಜ ಕಾರ್ಯಕರ್ತರು ವಿಚಾರಿಸಲು ನಡುವೆ ಸಮಯ ಸಿಗುತ್ತದೆ. ಹಸಿದ ಮನೆಗೆ ದಂಡ ಹಾಕಿದರೆ ಇನ್ನಷ್ಟು ಹಸಿಯುತ್ತದೆ ಅನ್ನುವ ತಿಳಿವಳಿಕೆ ಆ ನಿಯಮದೊಳಗೇ ಇದೆ.

ಸೋಮಾರಿಗಳನ್ನು ಸಾಕುತ್ತಿದ್ದಾರೆ ಎಂಬ ಟೀಕೆ ಅಲ್ಲೂ ಜೋರಾಗಿಯೇ ಬಂತು. 95 ರಿಯಲ್‌ಗೆ ಯಾರು ಕೆಲಸ ಬಿಡುತ್ತಾರೆ? ಆಗಿನ ಕನಿಷ್ಠ ವೇತನವೇ 240 ರಿಯಲ್ ಇತ್ತು. ಜನ ದೊಡ್ಡ ಪ್ರಮಾಣದಲ್ಲಿ ದುಡಿಮೆ ಬಿಟ್ಟರು ಎಂಬುದಕ್ಕೆ ಸಂಶೋಧಕರಿಗೂ ಗಟ್ಟಿ ಪುರಾವೆ ಸಿಗಲಿಲ್ಲ. ಮಕ್ಕಳ ಮೇಲೆ ಆದ ಪರಿಣಾಮಕ್ಕೆ ಪುರಾವೆ ಸಿಕ್ಕಿತು. 2013ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಯೋಜನೆ ಚೆನ್ನಾಗಿ ತಲುಪಿದ್ದ ಊರುಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು 17% ಇಳಿದಿತ್ತು. ಅಪೌಷ್ಟಿಕತೆಯ ಸಾವು ಮಾತ್ರ ತೆಗೆದುಕೊಂಡರೆ ಇಳಿಕೆ 65%. ಯೋಜನೆ ಒಂದು ಕೋಟಿಗೂ ಜಾಸ್ತಿ ಕುಟುಂಬಗಳಿಗೆ ತಲುಪಿದ ಮೇಲೂ ಅದರ ಖರ್ಚು ಆಗ ದೇಶದ ಒಟ್ಟು ಉತ್ಪನ್ನದ ಅರ್ಧ ಶೇಕಡಾದಷ್ಟೇ ಇತ್ತು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಮಕ್ಕಳ ಜೀವ ಉಳಿಯುತ್ತದೆ ಎಂದರೆ, ಅದನ್ನು ಮಾಡದೇ ಇದ್ದ ಅಷ್ಟೂ ವರ್ಷಗಳ ಬಗ್ಗೆ ಸಿಟ್ಟು ಬರುತ್ತದೆ.

ಬೊಲ್ಸಾ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ಬಡತನ ಇಳಿಸಿದ್ದರಲ್ಲಿ ದೊಡ್ಡ ಪಾಲು ಸಂಬಳದ್ದು. ಕನಿಷ್ಠ ವೇತನ 2002ರಲ್ಲಿ 200 ರಿಯಲ್ ಇದ್ದದ್ದು 2010ಕ್ಕೆ 510 ಆಯಿತು. ಬೆಲೆ ಏರಿಕೆ ಕಳೆದರೂ ಅರ್ಧಕ್ಕಿಂತ ಹೆಚ್ಚಿನ ಏರಿಕೆ. ಬ್ರೆಜಿಲ್‌ನಲ್ಲಿ ಹಳ್ಳಿಯ ಮುದುಕರ ಪಿಂಚಣಿಯೂ ಕನಿಷ್ಠ ವೇತನಕ್ಕೆ ಕಟ್ಟಿಕೊಂಡಿದೆ. ಹಾಗಾಗಿ ಕಾರ್ಖಾನೆಯ ಕೆಲಸಗಾರನ ಸಂಬಳ ಏರಿದರೆ ಒಣ ಸೀಮೆಯ ಅಜ್ಜಿಯ ಪಿಂಚಣಿಯೂ ಏರುತ್ತದೆ. 34.1%ಕ್ಕಾಗಿ ಬೀದಿಗಿಳಿದಿದ್ದ ಸಂಘದ ನಾಯಕ ಸಂಬಳದ ಈ ಶಕ್ತಿಯನ್ನು ಚೆನ್ನಾಗಿ ಬಲ್ಲವರು.

ಮೂರನೆಯದು ಶಾಲೆಯ ಊಟ. ಬ್ರೆಜಿಲ್‌ನಲ್ಲಿ ಅದು 1950ರ ದಶಕದಿಂದ ಇದೆ. ಸುಮಾರು 4 ಕೋಟಿ ಮಕ್ಕಳು ಉಣ್ಣುತ್ತಾರೆ. 2009ರ ಕಾನೂನು ಅದಕ್ಕೆ ಒಂದು ಸಾಲು ಸೇರಿಸಿತು: ಈ ಊಟಕ್ಕೆ ಕೇಂದ್ರ ಕೊಡುವ ದುಡ್ಡಲ್ಲಿ ಕನಿಷ್ಠ 30% ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಖರ್ಚಾಗಬೇಕು. ಪೊಟ್ಟಣದ ಬಿಸ್ಕತ್ತು, ಪುಡಿ ಬೆರೆಸಿದ ಗಂಜಿಯ ಜಾಗಕ್ಕೆ ಹತ್ತಿರದ ಹೊಲದ ಬಾಳೆ, ಹುರುಳಿಕಾಯಿ, ಸೊಪ್ಪು ಬರಲು ದಾರಿಯಾಯಿತು. ಮಗುವಿಗೆ ಊಟ, ರೈತನಿಗೆ ಖಾತ್ರಿ ಗಿರಾಕಿ.

ಇನ್ನೊಂದು ನೀರಿನ ತೊಟ್ಟಿ. ಒಣ ಸೀಮೆಯ ಮನೆಗಳ ಪಕ್ಕ ಸಿಮೆಂಟು ಹಲಗೆ ಜೋಡಿಸಿ ಕಟ್ಟುವ ದುಂಡನೆಯ ತೊಟ್ಟಿ, 16,000 ಲೀಟರ್ ಹಿಡಿಯುತ್ತದೆ. ಮಾಡಿನ ಮೇಲೆ ಬಿದ್ದ ಮಳೆ ಕೊಳವೆಯಲ್ಲಿ ಇಳಿದು ಅಲ್ಲಿ ಸೇರುತ್ತದೆ. ಒಂದು ಕುಟುಂಬಕ್ಕೆ ಬೇಸಿಗೆಯುದ್ದಕ್ಕೂ ಕುಡಿಯಲು, ಅಡುಗೆಗೆ ಸಾಕು. ಇದು ಮೊದಲು ಹೊಳೆದದ್ದು ದಕ್ಷಿಣಕ್ಕೆ ಹೋಗಿ ಈಜುಕೊಳ ಕಟ್ಟುವುದನ್ನು ಕಲಿತು ಬಂದ ಒಬ್ಬ ಗಾರೆ ಕೆಲಸದವರಿಗೆ. ಸ್ವಯಂಸೇವಾ ಸಂಘಟನೆಗಳು ಅದನ್ನು ಹಬ್ಬಿಸಿದವು, ಲೂಲಾ ಸರ್ಕಾರ ಹಣ ಕೊಟ್ಟಿತು. ಮುಂದಿನ ವರ್ಷಗಳೂ ಸೇರಿ ಹತ್ತು ಲಕ್ಷಕ್ಕೂ ಜಾಸ್ತಿ ತೊಟ್ಟಿಗಳಾದವು. ಬರ ಬಂದರೂ ಜನ ಹಿಂದಿನಂತೆ ಗುಂಪು ಗುಂಪಾಗಿ ಲಾರಿ ಹತ್ತಬೇಕಾಗಿ ಬರಲಿಲ್ಲ.

ಇಷ್ಟೆಲ್ಲ ಆದದ್ದು ಒಳ್ಳೆಯ ಕಾಲದಲ್ಲಿ ಎಂಬುದನ್ನೂ ಹೇಳಬೇಕು. ಚೀನಾ ಆಗ ಬ್ರೆಜಿಲ್‌ನ ಸೋಯಾ, ಕಬ್ಬಿಣದ ಅದಿರನ್ನು ಸಿಕ್ಕಷ್ಟು ಕೊಳ್ಳುತ್ತಿತ್ತು. ಖಜಾನೆ ತುಂಬಿತ್ತು. ಶ್ರೀಮಂತರಿಂದ ಕಿತ್ತುಕೊಳ್ಳದೆ ಬಡವರಿಗೆ ಕೊಡಲು ಸಾಧ್ಯವಾಯಿತು. ಲೂಲಾ ಜವಳಿ ಉದ್ಯಮಿಯನ್ನು ಉಪಾಧ್ಯಕ್ಷ ಮಾಡಿಕೊಂಡರು, ಬ್ಯಾಂಕಿನವರನ್ನು ಹೆದರಿಸಲಿಲ್ಲ. ಮಾಲೀಕರ ಎದುರು ಕೂತು ಚೌಕಾಸಿ ಮಾಡಿದ ಅಭ್ಯಾಸ ಇಲ್ಲೂ ಕೆಲಸ ಮಾಡಿತು. ಅದರ ಬೆಲೆ ಏನೆಂದರೆ, ಜೋಸುಯೆ ಡಿ ಕಾಸ್ಟ್ರೊ ಬೆರಳಿಟ್ಟು ತೋರಿಸಿದ್ದ ಭೂಮಿಯ ಪ್ರಶ್ನೆಗೆ ಅವರು ಹೆಚ್ಚು ಕೈಹಾಕಲಿಲ್ಲ. ದೊಡ್ಡ ಜಮೀನುಗಳು ದೊಡ್ಡವರ ಬಳಿಯೇ ಉಳಿದವು. ಇದನ್ನು ನಾನು ಅವರ ಆಡಳಿತದ ದೊಡ್ಡ ಕೊರತೆ ಎಂದೇ ಎಣಿಸುತ್ತೇನೆ. 2005ರಲ್ಲಿ ಅವರ ಪಕ್ಷ ಸಂಸದರಿಗೆ ತಿಂಗಳು ತಿಂಗಳು ದುಡ್ಡು ಕೊಟ್ಟ ಹಗರಣವೂ ಹೊರಬಂತು, ಆಪ್ತ ಮಂತ್ರಿ ರಾಜೀನಾಮೆ ಕೊಟ್ಟರು.

ಹಸಿವು ವಾಪಸ್ ಬಂತು

2011ರಲ್ಲಿ ಲೂಲಾಗೆ ಘಾನಾದ ಮಾಜಿ ಅಧ್ಯಕ್ಷ ಜಾನ್ ಕುಫುವೋರ್ ಜೊತೆ ವಿಶ್ವ ಆಹಾರ ಪ್ರಶಸ್ತಿ ಬಂತು. 2014ರಲ್ಲಿ ವಿಶ್ವಸಂಸ್ಥೆಯ ಹಸಿವಿನ ನಕ್ಷೆಯಿಂದ ಬ್ರೆಜಿಲ್ ಹೊರಬಂತು. ಜನಸಂಖ್ಯೆಯಲ್ಲಿ 2.5%ಕ್ಕಿಂತ ಕಡಿಮೆ ಜನ ಅರೆಹೊಟ್ಟೆಯಲ್ಲಿದ್ದರೆ ಆ ನಕ್ಷೆಯಲ್ಲಿ ದೇಶದ ಹೆಸರಿರುವುದಿಲ್ಲ.

ಆಮೇಲಿನ ವರ್ಷಗಳು ಕೆಟ್ಟವು. 2015-16ರಲ್ಲಿ ಆರ್ಥಿಕತೆ ಕುಸಿಯಿತು. ಸರ್ಕಾರಿ ಖರ್ಚಿಗೆ ಸಂವಿಧಾನದಲ್ಲೇ ಮಿತಿ ಹಾಕಿದರು. ಲೂಲಾ ಮೇಲೆ ಭ್ರಷ್ಟಾಚಾರದ ಮೊಕದ್ದಮೆ ನಡೆದು ಶಿಕ್ಷೆಯಾಯಿತು. 2018ರ ಏಪ್ರಿಲ್‌ನಿಂದ 580 ದಿನ ಜೈಲಿನಲ್ಲಿದ್ದರು. 2021ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪುಗಳನ್ನು ರದ್ದು ಮಾಡಿತು, ಶಿಕ್ಷೆ ಕೊಟ್ಟ ನ್ಯಾಯಾಧೀಶರು ಪಕ್ಷಪಾತಿಯಾಗಿದ್ದರು ಎಂದೂ ಹೇಳಿತು. ಅಷ್ಟರಲ್ಲಿ ಅಧ್ಯಕ್ಷ ಬೊಲ್ಸೊನಾರೊ 2019ರಲ್ಲಿ ಅಧಿಕಾರಕ್ಕೆ ಬಂದ ಮೊದಲ ದಿನವೇ ರಾಷ್ಟ್ರೀಯ ಆಹಾರ ಭದ್ರತಾ ಮಂಡಳಿಯನ್ನು ತೆಗೆದುಹಾಕಿದ್ದರು. ರೈತರಿಂದ ಕೊಳ್ಳುವ ಯೋಜನೆಗೆ, ತೊಟ್ಟಿಗಳಿಗೆ ದುಡ್ಡು ಬತ್ತಿತು. ಕೊರೊನಾ ಬಂತು.

2021ರ ಸೆಪ್ಟೆಂಬರಿನಲ್ಲಿ ರಿಯೊ ನಗರದ ಒಂದು ಫೋಟೊ ದೇಶವನ್ನೇ ಅಲುಗಾಡಿಸಿತು. ಸೂಪರ್‌ಮಾರ್ಕೆಟ್‌ಗಳು ಬಿಸಾಡಿದ ಮೂಳೆ ತುಂಬಿದ ಲಾರಿ, ಅದರೊಳಗೆ ಕೈಹಾಕಿ ತುಣುಕು ಮಾಂಸ ಹುಡುಕುತ್ತಿರುವ ಜನ. ಜಗತ್ತಿಗೆ ಅತಿ ಹೆಚ್ಚು ದನದ ಮಾಂಸ ಮಾರುವ ದೇಶದಲ್ಲಿ ಇದು. 2022ರ ಸಮೀಕ್ಷೆಯಲ್ಲಿ 3.31 ಕೋಟಿ ಜನರ ಮನೆಯಲ್ಲಿ ತಿನ್ನಲು ಇಲ್ಲದ ಸ್ಥಿತಿ ಕಂಡುಬಂತು. ಹೊಲಗಳು ಅವೇ, ಫಸಲೂ ಕಡಿಮೆಯಾಗಿರಲಿಲ್ಲ.

2022ರ ಅಕ್ಟೋಬರಿನಲ್ಲಿ ಲೂಲಾ 50.9% ಮತ ಪಡೆದು, 2002 ಮತ್ತು 2006ರ ಗೆಲುವುಗಳ ನಂತರ, ಮೂರನೇ ಸಲ ಗೆದ್ದರು. ಮರುವರ್ಷ ಮಾರ್ಚಿನಲ್ಲಿ ಬೊಲ್ಸಾ ಫಮೀಲಿಯಾ ಹೊಸ ಲೆಕ್ಕದಲ್ಲಿ ಮರಳಿತು. ಕುಟುಂಬಕ್ಕೆ ಕನಿಷ್ಠ 600 ರಿಯಲ್, ಆರು ವರ್ಷದವರೆಗಿನ ಪ್ರತಿ ಮಗುವಿಗೆ ಇನ್ನೂ 150. ಮನೆಯಲ್ಲಿ ಯಾರಿಗಾದರೂ ಕೆಲಸ ಸಿಕ್ಕಿ ಆದಾಯ ಒಂದು ಮಿತಿಯವರೆಗೆ ಏರಿದರೆ ಕಾರ್ಡು ಥಟ್ಟನೆ ನಿಲ್ಲುವುದಿಲ್ಲ, ಸ್ವಲ್ಪ ಕಾಲ ಅರ್ಧ ದುಡ್ಡು ಬರುತ್ತಲೇ ಇರುತ್ತದೆ. ಕೆಲಸ ಹಿಡಿದರೆ ಭತ್ಯೆ ಹೋಗುತ್ತದಲ್ಲ ಎಂಬ ಭಯ ಕಳೆಯಲು ಇದು. ಆಹಾರ ಮಂಡಳಿಯೂ ವಾಪಸ್ ಬಂತು. 2025ರ ಜುಲೈಯಲ್ಲಿ ಬ್ರೆಜಿಲ್ ಎರಡನೇ ಸಲ ಹಸಿವಿನ ನಕ್ಷೆಯಿಂದ ಆಚೆ ಬಂತು.

ಕಾರ್ಡು ತಲುಪಿದರೂ ಸಾಲದ ಜಾಗಗಳೂ ಇವೆ. 2023ರ ಜನವರಿಯಲ್ಲಿ, ಅಧಿಕಾರ ಹಿಡಿದ ಮೂರೇ ವಾರಕ್ಕೆ, ಲೂಲಾ ಅಮೆಜಾನ್‌ನ ರೊರೈಮಾ ರಾಜ್ಯಕ್ಕೆ ಹೋದರು. ಅಲ್ಲಿ ಯಾನೊಮಾಮಿ ಬುಡಕಟ್ಟಿನ ಮಕ್ಕಳು ಎಲುಬು ಕಾಣುವಷ್ಟು ಸೊರಗಿ ಆಸ್ಪತ್ರೆ ಸೇರಿದ್ದರು. ಆ ಕಾಡಿನಲ್ಲಿ ಹಸಿವಿಗೆ ಕಾರಣ ದುಡ್ಡಿನ ಕೊರತೆ ಅಲ್ಲ. ಅಕ್ರಮವಾಗಿ ನುಗ್ಗಿದ ಚಿನ್ನದ ಗಣಿಗಾರರು ನದಿಗೆ ಪಾದರಸ ಬಿಟ್ಟಿದ್ದರು, ಮೀನು ಹಾಳಾಗಿತ್ತು, ಬೇಟೆ ಓಡಿಹೋಗಿತ್ತು, ಮಲೇರಿಯಾ ಹಬ್ಬಿತ್ತು. ಸರ್ಕಾರ ಆರೋಗ್ಯ ತುರ್ತು ಸ್ಥಿತಿ ಸಾರಿ ವೈದ್ಯರನ್ನೂ ಆಹಾರವನ್ನೂ ವಿಮಾನದಲ್ಲಿ ಕಳಿಸಿತು. ಗಣಿಗಾರರನ್ನು ಹೊರಹಾಕಲು ಪೊಲೀಸರು, ಸೈನಿಕರು ಹೋಗಬೇಕಾಯಿತು.